ಕೆಮ್ಮಣ್ಣಿನ ಗುರುತು

ಜಡೆ ಹೆಣೆಯಲು ಮೊಮ್ಮಗಳ ಕೂದಲಿಗೆ ಕೈಹಾಕಿದ ಸತ್ತೆವ್ವನ ಬೆರಳಿಗೆ ಉಣ್ಣೆಯ ಜಿಡ್ಡು ಹತ್ತಿತು. ಹೋದ ವಾರ ಅವಳ ಕತ್ತಿನ ಹಿಂದಷ್ಟೇ ಬೆಳೆದಿದ್ದ ಬಿಳಿ ಉಣ್ಣೆ ಈಗ ಬೆನ್ನಿಗೂ ಇಳಿದಿತ್ತು.

“ಆಯಿ, ಕುರಿ ಏನಂತಾವ ಅನ್ನೂದು ನನಗ ತಿಳೀತೈತಿ,” ಎಂದಳು ಹದಿನೈದರ ಮಾಯಾ. “ಅಪ್ಪಾ ಅಂದದ್ದು ಅರ್ಧಾನೂ ತಿಳೀವಲ್ದು.”

ಅಪ್ಪ ಜಕ್ಕಪ್ಪನಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಅವನು ಅಂಗಳದಲ್ಲಿ ಹಾರೂಗೇರಿ ಸಂತೆಗೆ ಕುರಿಗಳನ್ನು ಟೆಂಪೋಗೆ ಹತ್ತಿಸುತ್ತಿದ್ದ. ಸತ್ತೆವ್ವ ಬೆಳಿಗ್ಗೆಯೇ ಕೆಮ್ಮಣ್ಣು ಕಲಸಿ, ಮನೆಯಲ್ಲಿ ಉಳಿಯುವ ಕುರಿಗಳ ಬೆನ್ನಿಗೆ ಗುರುತು ಎಳೆದಿದ್ದಳು. ಗುರುತಿಲ್ಲದವೆಲ್ಲ ಕಡಿಯಲು ಹೋಗುವಂಥವು.

“ಮಾಯಾ, ಒಂದೀಟು ನೀರು ತಾರವಾ,” ಎಂದು ಅವನು ಕೂಗಿದ. ‘ತರತೇನಪಾ’ ಅಂತ ಓಗೊಡಲು ಹುಡುಗಿ ಬಾಯಿ ತೆರೆದಳು. ಬಂದದ್ದು ಕುರಿಯ ದನಿ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಷ್ಟೇ ಅಜ್ಜಿಯನ್ನು ನೋಡುತ್ತಿತ್ತು.

ಅಂಗಳದಲ್ಲಿ ಸದ್ದು ನಿಂತಿತು. “ಯವ್ವಾ, ಒಳಗೊಂದು ಕುರಿ ಉಳದೈತೇನು?” ಜಕ್ಕಪ್ಪನ ಚಪ್ಪಲಿ ಸಪ್ಪಳ ಬಾಗಿಲ ಕಡೆಗೆ ಬಂತು. “ಗುರ್ತ ಐತೇನು ಅದಕ್ಕ?”

ಸತ್ತೆವ್ವ ಪಕ್ಕದಲ್ಲೇ ಇದ್ದ ಕೆಮ್ಮಣ್ಣಿನ ಬಟ್ಟಲಲ್ಲಿ ಬೆರಳು ಅದ್ದಿ, ಮೊಮ್ಮಗಳ ಬೆನ್ನಿಗೆ ಉದ್ದಕ್ಕೆ ಎಳೆದಳು.

“ಐತಪಾ,” ಎಂದಳು.