ನೀಲಿ ದೀಪದಡಿಯ ಬಾಟಲಿ

ಮೇಷ್ಟ್ರು ಪ್ರಯೋಗಾಲಯದ ಕಿಟಕಿ ಮುಚ್ಚಿಸಿ ನೀಲಿ ದೀಪ ಹಾಕಿದ್ದೇ ತಡ, ಕಾಲೇಜಿನ ಮೊದಲ ವರ್ಷದ ಮಕ್ಕಳ ಕೈಗಳೆಲ್ಲ ಹಸಿರಾಗಿ ಹೊಳೆದವು. "ಬಾಗಿಲ ಹಿಡಿಗೆ ಒಂದು ಪುಡಿ ಸವರಿದ್ದೆ. ಒಳಗೆ ಬರುವಾಗ ಎಲ್ಲರೂ ಮುಟ್ಟಿದಿರಿ. ಕಣ್ಣಿಗೆ ಕಾಣದ ಜೀವಿಗಳೂ ಹೀಗೇ ಹತ್ತಿಕೊಂಡು ಬರೋದು," ಎಂದರು.

"ನಿನ್ನ ಮೂಗು ನೋಡೋ, ಮಿಂಚುಹುಳ!" ಎಂದು ಒಬ್ಬಳು ಪಕ್ಕದ ಹುಡುಗನತ್ತ ತಿರುಗಿ ಕಿಸಕ್ಕೆಂದಳು. "ಮೊದಲು ನಿನ್ನ ಬಾಯಿ ನೋಡ್ಕೊಳ್ಳೇ," ಎಂದ ಅವನು. ಕೊನೆಯ ಬೆಂಚಿನ ಹುಡುಗಿಗೂ ನಗು ತಡೆಯಲಿಲ್ಲ. ಆದರೆ ಬಾಯಿ ತೆರೆದಿದ್ದ ತನ್ನ ಚೀಲದತ್ತ ಕಣ್ಣು ಹೋದದ್ದೇ ಆ ನಗು ಅಲ್ಲೇ ನಿಂತಿತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಅಕ್ಕನ ಮಗುವಿಗೆಂದು, ಸಂಜೆ ಆಸ್ಪತ್ರೆಗೆ ಒಯ್ಯಲು ಕುದಿಸಿ ತಂದಿದ್ದ ಹಾಲುಣಿಸುವ ಖಾಲಿ ಬಾಟಲಿ ಅದರಲ್ಲಿತ್ತು. ತೊಟ್ಟು ಸಡಿಲವಾಗಿದೆಯೇನೋ ಎಂದು ಆಗಷ್ಟೇ ಒತ್ತಿ ನೋಡಿದ್ದಳು. ರಬ್ಬರ್ ತೊಟ್ಟಿನ ಸುತ್ತ ಅವಳ ಬೆರಳ ಗುರುತು ಹೊಳೆಯುತ್ತಿತ್ತು.

ಮೇಷ್ಟ್ರು ಬಗ್ಗಿ ನೋಡಿ, "ಹೆದರಬೇಡಮ್ಮ, ಇದು ಬರೀ ಪುಡಿ, ಏನೂ ಮಾಡಲ್ಲ. ಇನ್ನೊಮ್ಮೆ ಕುದಿಸಿದರಾಯ್ತು," ಎಂದರು. ಅವಳ ಗಮನ ಅಲ್ಲಿರಲಿಲ್ಲ. ಬೆಳಿಗ್ಗೆ ಅಪ್ಪನ ಕಾಲಿನ ಕೀವುಗಟ್ಟಿದ ಹುಣ್ಣಿಗೆ ಬಟ್ಟೆ ಬದಲಿಸಿ, ಬಸ್ಸು ತಪ್ಪೀತೆಂದು ಕೈಯನ್ನು ಬರೀ ದುಪಟ್ಟಾಗೆ ಒರೆಸಿಕೊಂಡು, ಇದೇ ಬೆರಳುಗಳಿಂದ ಇಂಥದೇ ಇನ್ನೊಂದು ಬಾಟಲಿಗೆ ತೊಟ್ಟು ಸಿಕ್ಕಿಸಿ ಆಸ್ಪತ್ರೆಯಲ್ಲಿ ಅಕ್ಕನಿಗೆ ಕೊಟ್ಟು ಬಂದಿದ್ದಳು. ಆಗ ಬೆರಳ ಮೇಲೆ ಏನೂ ಕಂಡಿರಲಿಲ್ಲ.

ಚೀಲದಲ್ಲಿ ಫೋನು ಗುಂಯ್‌ಗುಟ್ಟಿತು. ಅಕ್ಕ. "ಕ್ಲಾಸು ಮುಗೀತೇನೇ? ಬೇಗ ಬಾರೇ. ಬೆಳಿಗ್ಗೆ ನೀನು ತಂದ ಬಾಟಲೀಲಿ ಪಾಪು ಒಂದು ಹನೀನೂ ಬಿಡದೆ ಕುಡಿದಿತ್ತು ಕಣೇ. ಈಗ ನೋಡಿದ್ರೆ ಮೈ ಕೆಂಡ ಆಗಿದೆ, ಕಣ್ಣೇ ಬಿಡ್ತಿಲ್ಲ."