ಎಲ್ಲರೂ ಕಣ್ಣು ಮುಚ್ಚಿರಿ

ಈ ಭಾನುವಾರ ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣು ತೆರೆದೇ ಇರಬೇಕೆಂದು ಹೊಲಿಗೆಯವಳು ಗಟ್ಟಿ ಮನಸ್ಸು ಮಾಡಿದ್ದಳು. ಹುಟ್ಟಿದಾಗಿನಿಂದ ಅಂಥ ತಪ್ಪು ಮಾಡಿದವಳಲ್ಲ. ಆದರೆ ಸಭೆಯಲ್ಲಿ ಯಾರೋ ಒಬ್ಬರು ಕಣ್ಣು ಮುಚ್ಚುತ್ತಿರಲಿಲ್ಲ. ಅದು ಯಾರೆಂದು ತಿಳಿಯದೆ ಅವಳಿಗೆ ನಿದ್ದೆ ಹತ್ತುವಂತಿರಲಿಲ್ಲ.

ಸರ್ಕಾರದಿಂದ ಹೊಸ ಆಜ್ಞೆ ಬಂದಿತ್ತು. ಆರಾಧನೆಯ ಕೊನೆಗೆ "ಕರ್ತನೇ ನಮ್ಮ ಒಡೆಯ" ಎನ್ನುತ್ತಿದ್ದ ಸಭೆ ಈಗ "ನಾಯಕನೇ ನಮ್ಮ ಒಡೆಯ" ಎನ್ನಬೇಕು. ಎಲ್ಲರೂ ಕಣ್ಣು ಮುಚ್ಚಿ ಹೇಳುವ ಮಾತು. ಕೆಲವರು ಬಾಯಿ ಬಿಡಲಿಲ್ಲ. ಪೊಲೀಸರು ಮೊದಲು ಮೇಷ್ಟ್ರನ್ನು ಹಿಡಿದೊಯ್ದರು, ಆಮೇಲೆ ಆಸ್ಪತ್ರೆಯ ನರ್ಸಮ್ಮನನ್ನು. ಇಬ್ಬರೂ ಮರಳಲಿಲ್ಲ.

"ಹಿಂದಿನ ದಿನವಷ್ಟೇ ಪಾದ್ರಿ ಅಯ್ಯನವರು ಇವರ ತಲೆ ಮೇಲೆ ಕೈಯಿಟ್ಟು ಹರಸಿದ್ದರು. ನರ್ಸಮ್ಮನಿಗೂ ಆ ಭಾಗ್ಯ ಸಿಕ್ಕಿತ್ತಂತೆ," ಎಂದು ಮೇಷ್ಟ್ರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. "ಅದೊಂದೇ ಸಮಾಧಾನ ನೋಡು."

ಹೊಲಿಗೆಯವಳ ಗಂಡ ಬೀಗ ರಿಪೇರಿಯವನು. ಅವನೂ ಬಾಯಿ ಬಿಡುತ್ತಿರಲಿಲ್ಲ.

"ಆಳುವವರ ಕೈಯೂ ದೇವರ ಕೈಯೇ" ಎಂದು ಅಯ್ಯನವರು ಬೋಧಿಸಿದ ದಿನ ಊಟದ ಮುಂದೆ ಕೂತು ಅವನು ಗೊಣಗಿದ್ದ: "ಕೈ ಆಗಬಹುದು ಕಣೇ. ತಲೆ ಆಗೋಕೆ ಹೊರಟರೆ?"

"ರೀ, ಮೆಲ್ಲಗೆ ಮಾತಾಡಿ. ಗೋಡೆ ತೆಳ್ಳಗಿದೆ."

ಅವಳ ಅನುಮಾನವೆಲ್ಲ ತಂಗಿಯ ಗಂಡನ ಮೇಲೆ. ಸರ್ಕಾರಿ ಕಚೇರಿಯ ಡ್ರೈವರ್. ಆರಾಧನೆಯಲ್ಲಿ ಅವಳ ಗಂಡನಿಗೆ ಅಂಟಿಕೊಂಡೇ ಕೂರುತ್ತಿದ್ದ. ಮೊನ್ನೆ ಮನೆಗೆ ಬಂದವನು ಕಾಫಿ ಹೀರುತ್ತ ಹೇಳಿದ್ದ: "ಅಣ್ಣ, ತುಟಿಯಾದರೂ ಅಲ್ಲಾಡಿಸು. ಶಬ್ದ ಬರದಿದ್ದರೂ ನಡೆಯುತ್ತೆ."

ಅವಳ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತ್ತು. ಕಣ್ಣು ಮುಚ್ಚಿದವನಿಗೆ ತುಟಿ ಹೇಗೆ ಕಂಡಿತು?

"ಏನಕ್ಕ, ಅಳತೆ ತಗೊಳ್ಳೋ ಹಾಗೆ ನೋಡ್ತೀಯ? ಹೊಸ ಕೋಟು ಹೊಲಿತೀಯಾ?" ಎಂದು ಅವನು ನಕ್ಕಿದ್ದ. ಅವಳಿಗೆ ನಗು ಬರಲಿಲ್ಲ.

ಅವತ್ತೇ ಸಂಜೆ, ಒಗೆದು ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ ಕೊಡುವ ನೆಪದಲ್ಲಿ ಅಯ್ಯನವರ ಮನೆಗೆ ಹೋಗಿ ಹೊಟ್ಟೆಯೊಳಗಿನದೆಲ್ಲ ತೋಡಿಕೊಂಡಳು. ಗಂಡ ಬಾಯಿ ಬಿಡದಿರುವುದು, ಡ್ರೈವರ್ ಮೇಲಿನ ಸಂಶಯ, ಒಂದನ್ನೂ ಉಳಿಸಲಿಲ್ಲ.

ಅಯ್ಯನವರು ತಾಳ್ಮೆಯಿಂದ ಕೇಳಿದರು. "ಆ ಡ್ರೈವರ್ ಪಾಪದವನಮ್ಮ, ಅವನನ್ನ ಬಿಡು. ಯಜಮಾನರನ್ನ ದೇವರ ಕೈಗೆ ಒಪ್ಪಿಸಿಬಿಡು."

"ನನ್ನಿಂದ ಆಗಲ್ಲ ಅಯ್ಯನವರೇ. ನೀವೇ ಒಪ್ಪಿಸಿ."

"ಆಗಲಮ್ಮ. ಭಾನುವಾರ ಒಪ್ಪಿಸ್ತೇನೆ."

ಅವಳು ಅವರ ಪಾದ ಮುಟ್ಟದಿದ್ದುದೊಂದು ಬಾಕಿ.

ಭಾನುವಾರ ಬಂತು. ದೇವಾಲಯದಲ್ಲಿ ಮೇಣದ ವಾಸನೆ, ಮಕ್ಕಳ ಕೆಮ್ಮು. ಹಿಂದಿನ ಬೆಂಚಿನಲ್ಲಿ ಈಚೆಗೆ ಬರತೊಡಗಿದ ಹೊಸಬ, ಹಾಡು ಬಾರದೆ ಪುಸ್ತಕ ಮಡಿಸಿಟ್ಟು ಕೂತಿದ್ದ. ಡ್ರೈವರ್ ಎಂದಿನಂತೆ ಅವಳ ಗಂಡನ ಭುಜಕ್ಕೆ ಭುಜ ತಾಗಿಸಿದ್ದ. ಹೆಂಗಸರ ಸಾಲಿನಿಂದ ಇಬ್ಬರೂ ಚೆನ್ನಾಗಿ ಕಾಣುತ್ತಿದ್ದರು.

"ಎಲ್ಲರೂ ಕಣ್ಣು ಮುಚ್ಚಿರಿ," ಎಂದರು ಅಯ್ಯನವರು.

ಅವಳು ತಲೆ ಬಗ್ಗಿಸಿದಳು. ಕಣ್ಣು ಮುಚ್ಚಲಿಲ್ಲ.

"ನಾಯಕನೇ ನಮ್ಮ ಒಡೆಯ," ಎಂದಿತು ಸಭೆ. ಗಂಡನ ತುಟಿ ಬಿಗಿದೇ ಇತ್ತು. ಪಕ್ಕದಲ್ಲಿ ಡ್ರೈವರ್ ಕಣ್ಣು ಕಿವುಚಿ ಮುಚ್ಚಿಕೊಂಡು, ಕತ್ತಿನ ನರ ಉಬ್ಬುವಂತೆ, ಇಬ್ಬರ ಪಾಲಿನದನ್ನೂ ಒಬ್ಬನೇ ಕೂಗುತ್ತಿದ್ದ. ಪಕ್ಕದ ಮೌನ ಯಾರಿಗೂ ಕೇಳಿಸದಿರಲೆಂದು.

ಅಯ್ಯೋ, ಈ ಹುಡುಗನ ಮೇಲೆಯೇ ಅನುಮಾನಪಟ್ಟೆನಲ್ಲ. ಇವನಿಗೊಂದು ಕೋಟು ಹೊಲಿದುಕೊಟ್ಟೇ ತೀರಬೇಕು.

ಅಷ್ಟರಲ್ಲಿ ಅಯ್ಯನವರು ಪೀಠದಿಂದ ಇಳಿದರು. ಅವಳೇ ಇಸ್ತ್ರಿ ಮಾಡಿದ ನಿಲುವಂಗಿ ಗರಿಗರಿಯಾಗಿ ಸದ್ದು ಮಾಡಿತು. ಕಣ್ಣು ಮುಚ್ಚಿದ ಸಾಲುಗಳ ನಡುವೆ ಮೆಲ್ಲನೆ ನಡೆದು ಬಂದು ಅವಳ ಗಂಡನ ತಲೆಯ ಮೇಲೆ ಕೈಯಿಟ್ಟರು. ಮಾತು ಉಳಿಸಿಕೊಂಡರು! ಕೃತಜ್ಞತೆಯಿಂದ ಅವಳ ರೆಪ್ಪೆ ತಾನಾಗಿ ಮುಚ್ಚುವುದರಲ್ಲಿತ್ತು.

"ಇವನನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ," ಎಂದರು ಅಯ್ಯನವರು.

ಅವರ ಕಣ್ಣು ತೆರೆದಿತ್ತು. ಮೇಲಕ್ಕಲ್ಲ, ಹಿಂದಿನ ಬೆಂಚಿನತ್ತ ನೆಟ್ಟಿತ್ತು, ಅಲ್ಲಿ ಹಾಡು ಬಾರದ ಹೊಸಬ, ಅವನೂ ಕಣ್ಣು ತೆರೆದುಕೊಂಡೇ, ಆಗಲಿ ಎಂಬಂತೆ ತಲೆಯಾಡಿಸಿದ.