ಎರಡೂ ಕಡೆ ಸಕ್ಷನ್

ಮಧ್ಯಾಹ್ನ ಹೆಂಚು ಹಾರಿಹೋಗುವಂತೆ ಗುಡುಗಿದ್ದ ಸ್ಪೀಕರುಗಳು ಸಂಜೆಗೆ ಬಾಯಿಗೆ ಬೀಗ ಜಡಿದುಕೊಂಡು ಕೂತಿದ್ದವು. ಟಿವಿಯಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ಬ್ಯಾಟು ಬೀಸಿದರೂ ಸದ್ದಿಲ್ಲ, ಜನ ಎದ್ದು ಕುಣಿದರೂ ಸದ್ದಿಲ್ಲ. ದೇವೇಂದ್ರ ಮಂಡಿಯೂರಿ ಒಂದೊಂದೇ ಸ್ಪೀಕರಿನ ವೈರು ಕಿತ್ತು ಮತ್ತೆ ಸಿಗಿಸುತ್ತಿದ್ದ. ತೋಟದಿಂದ ಬಂದವನು ಇನ್ನೂ ಕಾಲು ತೊಳೆದಿರಲಿಲ್ಲ.

ಈ ಹೋಮ್ ಥಿಯೇಟರನ್ನು ಅವನು ಹಾಸನದಿಂದ ತಂದದ್ದು ಶೋಕಿಗಲ್ಲ, ಅಪ್ಪನಿಗಾಗಿ. ಸಕ್ಕರೆ ಕಾಯಿಲೆ ಕಣ್ಣನ್ನು ತಿಂದುಹಾಕಿದ ಮೇಲೆ ವೀರಭದ್ರಯ್ಯನವರು ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಊಟವೂ ಅಲ್ಲೇ, ಮೌನವೂ ಅಲ್ಲೇ. ಕಣ್ಣಿಲ್ಲದಿದ್ದರೇನು, ಕಿವಿ ಇದೆಯಲ್ಲ, ನಾಲ್ಕು ದಿಕ್ಕಿನಿಂದ ಸದ್ದು ಬಂದರೆ ಹಾಲಿಗೆ ಬಂದು ನಮ್ಮ ಜೊತೆ ಕೂರುತ್ತಾರೆ ಎಂಬ ಆಸೆ ಅವನದು. ಮಧ್ಯಾಹ್ನ ಎಲ್ಲಾ ಜೋಡಿಸಿ, ಬಾಗಿಲಲ್ಲಿ ನಿಂತು ಕರೆದಿದ್ದ. "ಇಲ್ಲಿಗೇ ಚೆನ್ನಾಗಿ ಕೇಳ್ತಾ ಐತೆ, ಬುಡು" ಎಂದು ಅವರು ಗೋಡೆ ಕಡೆ ಹೊರಳಿದ್ದರು.

ಈಗ ಅದೂ ಇಲ್ಲ.

"ಏನ್ಲಾ, ಮೂಕಾಗೋಯ್ತಾ ನಿನ್ನ ಪೆಟ್ಟಿಗೆ?" ಒಳಗಿನಿಂದ ಅಪ್ಪನ ದನಿ ಬಂತು.

ಉತ್ತರ ಕೊಟ್ಟಿದ್ದು ಅಮ್ಮ, ರಾಜಲಕ್ಷ್ಮಮ್ಮ. ಸೊಪ್ಪು ಬಿಡಿಸುತ್ತ ಕೂತಲ್ಲಿಂದಲೇ ಎಂದರು: "ಇವನ ಕೈಲಿ ಆಗೋ ಕೆಲ್ಸ ಅಲ್ಲ ಕಣ್ರೀ. ನಾಳೆ ಬೆಳಗೋಡಿಂದ ರಿಪೇರಿಯವನನ್ನ ಕರೆಸಿದ್ರಾಯ್ತು."

"ಒಂದು ವೈರ್ ಸಿಗಿಸಾಕೆ ರಿಪೇರಿಯವ್ನಾ? ಈ ಮನೇಲಿ?"

ತೋಟಕ್ಕೆ ಸ್ಪ್ರಿಂಕ್ಲರ್ ಬಂದಾಗಿನಿಂದ ಪಂಪ್‌ಸೆಟ್ಟಿಗೆ ಹೊರಗಿನವನ ಸ್ಪ್ಯಾನರ್ ಸೋಕಿಸದ ಮನುಷ್ಯ ಅವರು. ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಸ್ವಲ್ಪ ಹೊತ್ತಿಗೆ ಗೋಡೆ ಸವರುತ್ತ, ಬಾಗಿಲ ಚೌಕಟ್ಟು ಹಿಡಿದು, ವೀರಭದ್ರಯ್ಯನವರು ಹಾಲಿಗೆ ಬಂದೇಬಿಟ್ಟರು. ದೇವೇಂದ್ರ ಕೈ ಹಿಡಿಯಲು ಎದ್ದ. ಬೇಡ ಎಂದು ಅಮ್ಮ ಕಣ್ಸನ್ನೆ ಮಾಡಿದರು.

ಟಿವಿಯ ಬೆನ್ನ ಮೇಲೆ ಆ ಒರಟು ಬೆರಳುಗಳು ನಿಧಾನಕ್ಕೆ ಓಡಾಡಿದವು. "ಇಲ್ಲಿ ಮೇಲೊಂದು ಸಾಲು ತೂತು, ಕೆಳಗೊಂದು ಸಾಲು. ವೈರ್ ಮೇಲಿನದ್ರಲ್ಲಿ ಐತೆ. ಏನಂತ ಬರೆದವ್ರೆ?"

ದೇವೇಂದ್ರ ಟಾರ್ಚ್ ಬಿಟ್ಟು ನೋಡಿದ. "ಇನ್."

"ಆ ಕಡೆ ತುದಿ, ನಿನ್ನ ಪೆಟ್ಟಿಗೇಲಿ?"

"ಅಲ್ಲೂ... ಇನ್."

"ಎರಡೂ ಕಡೆ ನೀರೆಳೆಯೋ ಸಕ್ಷನ್ ಪೈಪೇ ಕೊಟ್ಟು ಕೂತಿದೀಯಲ್ಲೋ ಮಾರಾಯ, ನೀರು ಎಲ್ಲಿಂದ ಬರ್ಬೇಕು? ಟಿವಿಯಿಂದ ಡೆಲಿವರಿ ತಗಂಡು ಪೆಟ್ಟಿಗೆಗೆ ಕೊಡು!"

ಹೇಳಿದವರೇ ವೈರು ಕಿತ್ತು ಕೆಳಗಿನ ಸಾಲಿಗೆ ಒತ್ತಿದರು. ಇಡೀ ಮೈದಾನವೇ ಮನೆಯೊಳಕ್ಕೆ ನುಗ್ಗಿತು. ಅವರು ಬೆಚ್ಚಿ ಹಿಂದಕ್ಕೆ ಮುಖ ತಿರುಗಿಸಿದರು. "ಲೋ, ನನ್ನ ಬೆನ್ನ ಹಿಂದೆ ಚಪ್ಪಾಳೆ ಹೊಡೀತಾವ್ರೆ ಕಣೋ!" ಎಂದು ನಕ್ಕರು. ಆಮೇಲೆ ತಡವರಿಸುತ್ತ ತಮ್ಮ ಹಳೆಯ ಕುರ್ಚಿ ಹುಡುಕಿ ಕೂತು, ಕಾಲು ಚಾಚಿ, "ಕಾಫಿ ಇಲ್ಲಿಗೇ ತಾರೇ" ಎಂದು ಕೂಗಿದರು.

ದೇವೇಂದ್ರ ಅಡುಗೆಮನೆಗೆ ಬಂದ. ಗೆದ್ದ ಖುಷಿಯ ನಡುವೆಯೂ ತಲೆಯೊಳಗೆ ಒಂದು ಹುಳ ಕೊರೆಯುತ್ತಿತ್ತು.

"ಅಮ್ಮಾ, ಮಧ್ಯಾಹ್ನ ನಾನು ಕೆಳಗಿನ ಔಟ್‌ಗೇ ಹಾಕಿದ್ದೆ. ನೀನೂ ಕೇಳಿದ್ಯಲ್ಲ, ಹೆಂಗೆ ಸೌಂಡ್ ಬಂತು ಅಂತ. ಆ ವೈರ್ ಮೇಲಿನ ಸಾಲಿಗೆ ಹೆಂಗೆ ಹೋಯ್ತು?"

ರಾಜಲಕ್ಷ್ಮಮ್ಮ ಡಿಕಾಕ್ಷನ್ ಸೋಸುತ್ತಿದ್ದರು. ತಲೆ ಎತ್ತಲಿಲ್ಲ. ಹಾಲಿನಲ್ಲಿ ಯಾರೋ ಔಟಾದರು. ವೀರಭದ್ರಯ್ಯನವರು ಅಂಪೈರನ್ನು ಬಾಯ್ತುಂಬ ಬೈಯುವುದು ಕೇಳಿಸಿತು. ಎಷ್ಟೋ ದಿನಗಳ ಮೇಲೆ ಕೇಳಿಸಿದ ಬೈಗುಳ. ಅಮ್ಮನ ಕಾಲಿಗೆ ಬೀಳಬೇಕು ಅನ್ನಿಸಿತು ದೇವೇಂದ್ರನಿಗೆ.

ಅವರು ಲೋಟ ಅವನ ಕೈಗಿಟ್ಟು, ದನಿ ತಗ್ಗಿಸಿ ಕೇಳಿದರು: "ನಾಳೆಗೆ ಯಾವ ವೈರ್ ಕಿತ್ತಿಡ್ಲಿ, ಹೇಳು."